ಫೈಲಿಗೆ ಹಚ್ಚಾಕ ಬಾರದ ಕಣ್ಣು

ಯಲಬುರ್ಗಾದ ನಮ್ಮ ಆಫೀಸಿನ್ಯಾಗ ರಜೆ ಅರ್ಜಿ ನೋಡೋ ಕ್ಲರ್ಕ್ ನಾನಿದ್ದೆ. ಬ್ಯಾನಿ ಬಿದ್ದವರು ಹತ್ತು ಗಂಟೆ ಒಳಗ ತಿಳಿಸಬೇಕು, ಡಾಕ್ಟರ್ ಸರ್ಟಿಫಿಕೇಟ್ ತರಬೇಕು, ತಿರುಗಿ ಬರೂ ದಿನ ಫಿಟ್‌ನೆಸ್ ಕಾಗದ ಅರ್ಜಿಗೆ ಹಚ್ಚಬೇಕು. "ಕಾಗದ ಇಲ್ಲಂದ್ರ ಜ್ವರಾನೂ ಇಲ್ಲ" ಅನ್ನೂದು ನನ್ನ ಮಾತು. ದೇವರು ವರ ಕೊಟ್ರೂ ಪೂಜಾರಿ ಕೊಡಂಗಿಲ್ಲ ಅಂತ ಹಿಂದಿಂದ ನಗತಿದ್ರು. ನಗಲಿ ಬಿಡ್ರಿ.

ಆ ಕಾಗದದ ಹಕೀಕತ್ತೂ ನನಗ ಗೊತ್ತಿತ್ತು. ಮನ್ಯಾಗ ಮದಿವಿ ಬಂತಂದ್ರ ಟೈಫಾಯ್ಡ್, ಶೇಂಗಾ ಕೀಳೂ ದಿನ ಬಂದ್ವಂದ್ರ ಸೊಂಟನೋವು. ಸುಗ್ಗಿ ಮುಗಿದ ಮರುದಿನ ಎಲ್ಲಾರೂ ಫಿಟ್! ನನ್ನ ಸೇವಾ ಪುಸ್ತಕದಾಗೂ ಒಂದು ಟೈಫಾಯ್ಡ್ ಐತಿ. ಆ ಹದಿನೈದು ದಿನ ನಾನು ತಂಗಿ ಮದಿವಿಗೆ ಶ್ಯಾವಿಗಿ ಹೊಸಕೋತ ಕುಂತಿದ್ದೆ.

ಅಂಥಾದ್ರಾಗ ನಮ್ಮ ಅಟೆಂಡರ್‌ಗೆ ಖರೇನ ಬ್ಯಾನಿ ಬಂತು. ಬೇವೂರಿನವ. ಪ್ರೊಬೇಷನ್ ಮುಗಿಯಾಕ ಎರಡ ತಿಂಗಳಿತ್ತು, ಮುಗಿದ್ರ ನೌಕರಿ ಕಾಯಂ. ಉಳಿದವರು ಆಫೀಸಿನ ವಾಟ್ಸಾಪ್ ಗುಂಪಿನ್ಯಾಗ "ಆರಾಮಿಲ್ಲ" ಅಂತ ಹಾಕಿ ಸುಮ್ಮನಾಗತಾರ. ಇವ ಬಸ್ ಹತ್ತಿ ಬಂದು, ನನ್ನ ಟೇಬಲ್ ಹಿಡಕೊಂಡು ನಿಂತು, "ಅಕ್ಕಾರ, ನನಗ ಬರಾಕ ಆಗಂಗಿಲ್ಲ ಅಂತ ಹೇಳಾಕ ಬಂದೀನ್ರಿ" ಅಂದ. ಅಯ್ಯ ಶಿವನ, ನಗು ತಡಿಯಾಕ ಆಗಲಿಲ್ಲ! ಕಣ್ಣು ನೋಡಿದ ಮ್ಯಾಲ ನಗು ನಿಂತಿತು. ಅರಿಷಿಣ ಕಲಸಿದಂಗ ಹಳದಿ ಆಗಿದ್ವು. ಕಾಮಣಿ ಆಗಿತ್ತು ಅವಗ.

ಹದಿನೆಂಟು ದಿನಕ್ಕ ತಿರುಗಿ ಬಂದ. ಕೊಳ್ಳಾಗಿನ ಎಲುಬು ಕಾಣತಿದ್ವು. ಅರ್ಜಿ ಕೊಟ್ಟ, ಸರ್ಟಿಫಿಕೇಟ್ ಇಲ್ಲ. ಕುಕನೂರು ಕಡೆ ಒಬ್ಬಾಕಿ ಅಜ್ಜಿ ಕಾಮಣಿಗೆ ಸೊಪ್ಪಿನ ರಸ ಕೊಡತಾಳ. ಉಪ್ಪು, ಖಾರ, ಎಣ್ಣಿ ಬಿಟ್ಟು, ಬರೇ ಮಜ್ಜಿಗಿ ಅನ್ನ ಉಂಡು, ಆಕಿ ಔಷಧ ತಗೊಂಡಿದ್ದ. ನಮ್ಮ ಕಡೆ ಕಾಮಣಿ ಆದವರು ಮೊದಲು ಹೋಗೂದು ಅಂಥಲ್ಲೇ. ಆ ಅಜ್ಜಿಗೆ ಸಹಿ ಮಾಡಾಕೂ ಬರಂಗಿಲ್ಲ.

"ಕೊಪ್ಪಳಕ್ಕ ಹೋಗು ತಮ್ಮಾ. ಯಾರರ ಡಾಕ್ಟರ್ ಹಿಂದಿನ ತಾರೀಖು ಹಾಕಿ ಟೈಫಾಯ್ಡ್ ಅಂತ ಬರದು ಕೊಡತಾರ" ಅಂದೆ.

"ಟೈಫಾಯ್ಡ್ ಆಗಿಲ್ಲಲ್ರಿ ಅಕ್ಕಾರ. ಗುಣ ಮಾಡಿದಾಕಿ ಆ ಅಜ್ಜಿ. ಆಕಿನ್ನ ಬಿಟ್ಟು ಮತ್ತೊಬ್ಬರ ಹೆಸರು ಹೇಳಿದ್ರ ಔಷಧ ಹತ್ತಂಗಿಲ್ಲ. ಬೇಕಾದ್ರ ನನ್ನ ಕಣ್ಣ ನೋಡ್ರಿ, ಇನ್ನೂ ಹಳದಿ ಅದಾವ."

"ಕಣ್ಣು ಫೈಲಿಗೆ ಹಚ್ಚಾಕ ಬರಂಗಿಲ್ಲ" ಅಂದೆ.

ನಿಯಮದಾಗ ಇನ್ನೊಂದು ದಾರಿ ಇತ್ತು. ಅನುಮಾನ ಬಂದ್ರ ಸಾಹೇಬ್ರು ನೌಕರನ್ನ ಸರ್ಕಾರಿ ದವಾಖಾನಿಗೆ ತಪಾಸಣೆಗೆ ಕಳಿಸಬಹುದು. ರಕ್ತ ನೋಡಿದ್ರ ಖರೇ ಹೊರಗ ಬರತಿತ್ತು. ಗೊತ್ತಿದ್ದೂ ನಾನು ಟಿಪ್ಪಣಿಯಾಗ ಬರೀಲಿಲ್ಲ. ಸಿಟ್ಟು ಬಂದಿತ್ತು. ಎಂಥಾ ಸಿಟ್ಟದು? ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡ್ರಂತ, ಹಂಗ. ನಾವೆಲ್ಲಾ ಸುಳ್ಳು ಕಾಗದ ಹಚ್ಚಿದವರು, ಇವನೊಬ್ಬನ ಸತ್ಯವಂತ ಏನು ಅಂತ! "ಪ್ರಮಾಣಪತ್ರ ಹಾಜರುಪಡಿಸಿರುವುದಿಲ್ಲ" ಅಂತ ಒಂದ ಸಾಲು ಬರದೆ. ಸಾಹೇಬ್ರು ಸಹಿ ಮಾಡಿದ್ರು.

ಹದಿನೆಂಟು ದಿನ ಅನಧಿಕೃತ ಗೈರುಹಾಜರಿ ಆತು, ಪ್ರೊಬೇಷನ್ ಒಂದು ವರ್ಷ ಮುಂದಕ್ಕ ಹೋತು. ಆದೇಶ ಓದಿ "ಆತ್ರಿ" ಅಂದು, ಎಲ್ಲಾರಿಗೂ ನೀರು ಕೊಡಾಕ ಹೋದ. ಅವತ್ತು ನನಗ ಊಟ ರುಚಿ ಹತ್ತಲಿಲ್ಲ. ನಿಯಮ ಮುರಿದಿರಲಿಲ್ಲ ನಾನು, ತ್ರಾಸು ಇರೂದ ಅಲ್ಲಿ. ಪೂರಾ ಓದಿದಾಕಿ, ಅರ್ಧ ಬರದಿದ್ದೆ. ಭಾಳ ನಾಚಿಕಿ ಆತು, ಯಾರ ಮುಂದೂ ಹೇಳಲಿಲ್ಲ.

ವರ್ಷ ತಡ ಆಗಿ ಅವನ ನೌಕರಿ ಕಾಯಂ ಆತು. ಹೋದ ಮಳಿಗಾಲದಾಗ ನನಗ ಖರೇನ ಟೈಫಾಯ್ಡ್ ಬಂತು. ಗಂಗಾವತಿಯ ದವಾಖಾನಿಯಾಗ ಹತ್ತು ದಿನ ಮಲಗಿ, ಸರ್ಟಿಫಿಕೇಟ್ ತಂದೆ. ರಜೆ ಅರ್ಜಿ ಈಗ ಒಬ್ಬಾಕಿ ಹೊಸ ಹುಡುಗಿ ನೋಡತಾಳ. ಕಾಗದ ಓದಿ, ನನ್ನ ಸೇವಾ ಪುಸ್ತಕ ತಿರುವಿ, ಹಳೇ ಟೈಫಾಯ್ಡ್ ನೋಡಿ ಸಣ್ಣಗ ನಕ್ಕಳು.

"ಈ ಸಲ ಯಾರ ಮದಿವಿ ಇತ್ರಿ ಮೇಡಂ?"

"ಈ ಸಲ ಖರೇನ ಬಂದಿತ್ತವಾ."

"ಎಲ್ಲಾರೂ ಹಂಗ ಅಂತಾರ್ರಿ."

ನೀರಿನ ಗ್ಲಾಸ್ ಇಡಾಕ ಬಂದ ಅಟೆಂಡರ್, ಬಗ್ಗಿ ನನ್ನ ಮಾರಿ ನೋಡಿದ.

"ಖರೇ ಐತ್ರಿ ಮೇಡಂ, ಬರಕೊಳ್ರಿ" ಅಂದ ಆಕಿಗೆ. "ಅಕ್ಕಾರ ಕಣ್ಣ ನಾ ನೋಡೇನಿ."