ಏಲಕ್ಕಿಗೆ ಬಂದ ಕಟ್ಟೆ

"ಏಲಕ್ಕಿಗೆ ಕಟ್ಟೆ ಬಂದ್ಬುಟ್ಟೈತೆ ಟೀಚರಮ್ಮ. ಮದ್ದು ಐತಾ, ನಿಮ್ಮ ಪುಸ್ತಕದಾಗೆ ನೋಡಿ" ಎಂದು ಏಲಕ್ಕಿ ಬೆಳೆಯುವ ದ್ಯಾವಮ್ಮ ಶಾಲೆಯ ಲೈಬ್ರರಿಗೆ ಬಂದು ಕೇಳಿದಾಗ ನನಗೆ ನೆನಪಾದದ್ದು ನಮ್ಮೂರಿನ ಅಶ್ವತ್ಥಕಟ್ಟೆ. ಗಿಡಕ್ಕೆ ಕಟ್ಟೆ ಇದ್ದರೆ ಒಳ್ಳೆಯದೇ ಅಲ್ಲವೇ ಎಂದುಬಿಟ್ಟೆ. ಆಕೆ ನಗಲಿಲ್ಲ. ಸೆರಗಿನಡಿಯಿಂದ ಉದ್ದನೆಯ ಎಲೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಹಸಿರಿನ ನಡುವೆ ತುಂಡುತುಂಡಾಗಿ ಹಳದಿ ಗೆರೆಗಳು. ಇಲ್ಲಿ ಆ ರೋಗದ ಹೆಸರೇ ಕಟ್ಟೆ.

ಮಂಗಳೂರು ಬಿಟ್ಟು ಘಟ್ಟದ ಮೇಲಿನ ಹೆತ್ತೂರಿನ ಶಾಲೆಗೆ ಲೈಬ್ರರಿ ನೋಡಿಕೊಳ್ಳಲು ಬಂದು ಆಗ ಮೂರು ತಿಂಗಳು. ನನ್ನ ಗಂಡ ಫೆಲಿಕ್ಸ್ ತೀರಿಕೊಂಡು ಏಳು ತಿಂಗಳು. ಇಲ್ಲಿ ಕುಚ್ಚಲಕ್ಕಿ ಸಿಗುವುದಿಲ್ಲ. ಘಟ್ಟ ಹತ್ತಿ ಬರುವ ಮೀನಿನ ವಿಚಾರ ಕೇಳದಿರುವುದೇ ಲೇಸು. ನಾವು 'ಉಂಟು' ಎಂದರೆ ಇವರದು 'ಐತೆ'. ಒಂಟಿತನ ಹೇಗೆ ಸಹಿಸುತ್ತೀ ಎಂದು ಊರಿನಿಂದ ನೀವೆಲ್ಲ ಪತ್ರ ಬರೆಯುತ್ತಿದ್ದಿರಿ. ನಿಜ ಹೇಳಬೇಕೆಂದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಜೋಮು ಹಿಡಿದ ಕೈಯನ್ನು ಚಿವುಟಿದರೆ ಹೇಗೋ ಹಾಗೆ.

ಎಸ್ಟೇಟ್ ಯಜಮಾನರೊಬ್ಬರು ನಮ್ಮ ಲೈಬ್ರರಿಗೆ ಇಂಗ್ಲಿಷಿನ ದಪ್ಪ ಪತ್ರಿಕೆಯೊಂದಕ್ಕೆ ಚಂದಾ ಕಟ್ಟಿದ್ದರು. ಕೃಷಿ ಸಂಶೋಧನೆಗಳ ಸಾರಾಂಶ ಮಾತ್ರ ಅದರಲ್ಲಿರುತ್ತದೆ. ಪೂರ್ತಿ ಲೇಖನ ಬೇಕಾದರೆ ಅದರ ನಂಬರನ್ನೂ ಚಂದಾದಾರರ ನಂಬರನ್ನೂ ಬರೆದು ಬೆಂಗಳೂರಿಗೆ ಕಳಿಸಬೇಕು. ಅಲ್ಲಿಯತನಕ ಅದನ್ನು ಯಾರೂ ತೆರೆದಂತಿರಲಿಲ್ಲ. ಕೊನೆಯ ಪುಟಗಳ ವಿಷಯಸೂಚಿಯಲ್ಲಿ ಹಳದಿ ಎಂದು ಹುಡುಕಿದೆ, ಎಲೆ ರೋಗ ಎಂದು ಹುಡುಕಿದೆ; ಬತ್ತ, ಕಬ್ಬು, ತಂಬಾಕು ಎಲ್ಲ ಬಂದವು, ಏಲಕ್ಕಿ ಬರಲಿಲ್ಲ. ಕೊನೆಗೆ ಸುಮ್ಮನೆ ಕೆ ಅಕ್ಷರದ ಪಟ್ಟಿ ನೋಡಿದೆ. ಇಂಗ್ಲಿಷ್ ಲಿಪಿಯಲ್ಲಿ 'ಕಟ್ಟೆ' ಎಂದೇ ಅಚ್ಚಾಗಿತ್ತು. ವಿಜ್ಞಾನಿಗಳೂ ದ್ಯಾವಮ್ಮನ ಮಾತನ್ನೇ ಇಟ್ಟುಕೊಂಡಿದ್ದರು. ಬಹಳ ದಿನದ ಮೇಲೆ ಖುಷಿಯಂಥದ್ದೇನೋ ಆಯಿತು. ಅಂದೇ ಕಾಗದ ಹಾಕಿದೆ.

ಮೂರು ವಾರಕ್ಕೆ ನಕಲು ಬಂತು. ಓದಿ ಮಡಚಿಟ್ಟೆ. ಮದ್ದಿಲ್ಲ, ರೋಗ ತಗುಲಿದ ಗಿಡಗಳನ್ನು ಬುಡಸಮೇತ ಕಿತ್ತು ನಾಶಮಾಡಬೇಕು ಎಂದಿತ್ತು. ಮದ್ದಿಲ್ಲ ಎಂದು ನನಗೂ ಒಬ್ಬ ಡಾಕ್ಟರು ಹೇಳಿದ್ದರು, ಫೆಲಿಕ್ಸನ ಎಕ್ಸ್‌ರೇ ನೋಡುತ್ತ, ನನ್ನ ಮುಖ ನೋಡದೆ.

"ಐತಾ ಟೀಚರಮ್ಮ?"

ನಾನು ದ್ಯಾವಮ್ಮನ ಮುಖ ನೋಡಿಯೇ ಹೇಳಿದೆ. "ಇಲ್ಲ." ಈ ಪದ ಮಾತ್ರ ನಮ್ಮಲ್ಲೂ ಇವರಲ್ಲೂ ಒಂದೇ.

ಗಿಡ ಕೀಳಬೇಕೆಂದು ಬರೆದದ್ದನ್ನೂ ಆಕೆಗೆ ಓದಿ ಹೇಳಿದೆ. "ನಮ್ಮನೆಯವ್ರೂ ಕಿತ್ತಾಕು ಅಂತಲೇ ಅಂತಿದ್ರು. ನಾನೇ ನೆಟ್ಟಿದ್ದಲ್ವಾ, ಕೈ ಬರ್ಲಿಲ್ಲ. ಪುಸ್ತಕದಾಗೂ ಹಂಗೇ ಐತೆ ಅಂದ್ರೆ ಇನ್ನೇನು. ನೀವೂ ಬನ್ನಿ ಕಣಮ್ಮ, ಒಬ್ಳೇ ಕೀಳಾಕೆ ಆಗಾಕಿಲ್ಲ."

ಭಾನುವಾರ ಹೋದೆ. ಗಿಡಗಳನ್ನು ಒಂದೊಂದಾಗಿ ಕಿತ್ತು ರಾಶಿ ಹಾಕಿದೆವು. ದ್ಯಾವಮ್ಮ ಅಳುತ್ತಲೇ ಕಿತ್ತಳು. ನನಗೆ ಅಳು ಬರಲಿಲ್ಲ. ಸಂಜೆ ರೂಮಿಗೆ ಬಂದು ಕೈ ತೊಳೆಯುವಾಗ ಅಂಗೈಯ ಬೊಬ್ಬೆಗಳು ಉರಿದವು. ಉರಿ ಚೆನ್ನಾಗಿಯೇ ಗೊತ್ತಾಯಿತು.

ಕ್ರಿಸ್‌ಮಸ್‌ಗೆ ಊರಿಗೆ ಬಂದಿದ್ದೆನಲ್ಲ, ಪಕ್ಕದ ಮನೆಯ ವಾರಿಜಕ್ಕ ದಾರಿಯಲ್ಲೇ ಹಿಡಿದು ನಿಲ್ಲಿಸಿದರು. "ನಿಂತು ಮಾತಾಡುದೆಂತಕ್ಕೆ ಮಾರಾಯ್ತಿ, ಬಾ, ಕಟ್ಟೆಯಲ್ಲಿ ಕೂತ್ಕೊ." ಕಟ್ಟೆ ಎಂದ ಕೂಡಲೇ ನನ್ನ ಕಣ್ಣು ಅಶ್ವತ್ಥದ ಎಲೆಗಳಲ್ಲಿ ಹಳದಿ ಗೆರೆ ಹುಡುಕಿತು. ಇಲ್ಲವೆಂದು ಖಾತ್ರಿಯಾದ ಮೇಲೆ ಕೂತೆ.

"ವಾಪಸ್ ಬರುದು ಯಾವಾಗ?" ಎಂದು ಅವರು ಕೇಳಿದರು.

ಇಲ್ಲಿಗೋ ಅಲ್ಲಿಗೋ ಎಂದು ನಾನು ಕೇಳಬೇಕಾಯಿತು.