ಬಜಾಜ್ ನಗರದ ಲೇಥ್ ಕಾಕು

ಬೆಳಗಿನ ಐದೂವರೆ. ನಾಗಪುರದ ಬಜಾಜ್ ನಗರದ ಆ ಓಣಿಗೆ ಹಾಲಿನವನು ಇನ್ನೂ ಬಂದಿಲ್ಲ. ಅರವತ್ತೇಳರ ಚಂದ್ರಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು, ಮನೆಗೆ ಅಂಟಿಕೊಂಡ ಕಾರ್ ಶೆಡ್ಡಿನ ಕದ ತೆರೆಯುತ್ತಾರೆ. ಒಳಗೆ ಗಾಲಿ ಬಿಚ್ಚಿದ ಅಂಬಾಸಡರ್ ಒಂದು ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ನಿಂತಿದೆ. ಅದರ ಪಕ್ಕಕ್ಕೆ ಲೋಹವನ್ನು ತಿರುಗಿಸಿ ಕಡೆಯುವ ಆರಡಿ ಉದ್ದದ ಯಂತ್ರ, ಲೇಥ್. ನಿನ್ನೆ ಕೊರೆದಿಟ್ಟ ಬುಶ್ಶನ್ನು, ಅಂದರೆ ಕಂಚಿನ ಸಣ್ಣ ಕೊಳವೆಯನ್ನು, ಒರೆಸಿ, ಮೈಕ್ರೊಮೀಟರಿನಲ್ಲಿ ಹಿಡಿದು, ಗೆರೆಗಳನ್ನು ಓದಿ, ಗೋಡೆಯ ಮೇಲೆ ಸೀಮೆಸುಣ್ಣದಿಂದ ಅಂಕಿ ಬರೆಯುತ್ತಾರೆ.

"ಬಿಸಲೇರಿತಂದ್ರ ಲೋಹಾನೂ ಉಬ್ಬತೈತ್ರಿ. ರಾತ್ರಿಯೆಲ್ಲಾ ತಣ್ಣಗಾಗಿರತೈತಲ್ಲ, ಈ ಹೊತ್ತಿನ್ಯಾಗ ಅಳತಿ ಬರೋಬರ್ ಸಿಗತೈತಿ" ಎನ್ನುತ್ತಾರೆ. ನಾಗಪುರದ ಮೇ ತಿಂಗಳನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಎಂಟು ಗಂಟೆಯವರೆಗೆ ಅರ, ಒರೆಸುವ ಬಟ್ಟೆ, ಅಳತೆ ಇಷ್ಟೇ. ಮೋಟಾರು ಶುರುವಾಗುವುದು ಎಂಟರ ಮೇಲೆ. ಮೊದಲ ವರ್ಷ ಪಕ್ಕದ ಮನೆಯವರು ಸದ್ದಿನ ಬಗ್ಗೆ ತಕರಾರು ತೆಗೆದಾಗ ಅವರು ಜಗಳಕ್ಕೆ ಹೋಗಲಿಲ್ಲ. ಲೇಥಿನ ಕಾಲಿಗೆ ದಪ್ಪ ರಬ್ಬರ್ ಕೊಟ್ಟರು, ಗಡಿಯಾರ ನೋಡಿ ಸ್ವಿಚ್ ಹಾಕುವುದನ್ನು ರೂಢಿ ಮಾಡಿಕೊಂಡರು.

ಹಳೆಯ ಕಾರುಗಳ ಹುಚ್ಚು ಹಿಡಿಸಿಕೊಂಡವರಿಗೆ ಈ ಶೆಡ್ಡಿನ ದಾರಿ ಗೊತ್ತು. ಅವರೆಲ್ಲರಿಗೂ ಚಂದ್ರಮ್ಮ 'ಕಾಕು', ಮರಾಠಿಯಲ್ಲಿ ಚಿಕ್ಕಮ್ಮ. ಅಂಗಡಿಯಲ್ಲಿ ಎಂದೋ ಸಿಗದಂತಾದ ಬಿಡಿಭಾಗ ಇಲ್ಲಿ ಹೊಸದಾಗಿ ಹುಟ್ಟುತ್ತದೆ. ದಿನಕ್ಕೆ ನಾಲ್ಕು ತಾಸು ಲೇಥಿನ ಮುಂದೆ. ಚಿಕ್ಕ ಕೆಲಸವಾದರೆ ಎರಡು ತುಂಡು ಮುಗಿಯುತ್ತವೆ, ನಾಜೂಕಿನದಾದರೆ ಒಂದಕ್ಕೇ ಮೂರು ದಿನ. ಏಳು ವರ್ಷದಲ್ಲಿ ಮಾಡಿದ ನೂರಾ ನಲವತ್ತಮೂರು ಬಗೆಯ ಭಾಗಗಳ ಚಿತ್ರಗಳು ಅಳತೆಸಮೇತ ನಾಲ್ಕು ನೋಟ್‌ಬುಕ್ಕುಗಳಲ್ಲಿವೆ.

ಚಂದ್ರಮ್ಮ ಗದಗಿನ ಬೆಟಗೇರಿಯವರು. ಗಂಡ ಗುರುಸಿದ್ದಪ್ಪ ಸೇನೆಗೆ ಶಸ್ತ್ರಾಸ್ತ್ರ ತಯಾರಿಸುವ ಇಲ್ಲಿನ ಆರ್ಡ್‌ನನ್ಸ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದರು. ೧೯೮೬ರಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡಾಗ ಚಂದ್ರಮ್ಮನಿಗೆ ಇಪ್ಪತ್ತೆಂಟು, ಮಗಳು ರಚನಾಳಿಗೆ ಎರಡು. ಅನುಕಂಪದ ಮೇಲೆ ನೌಕರಿ ಸಿಕ್ಕಿತು, ಮಶೀನುಗಳ ಕೆಳಗೆ ಬಿದ್ದ ಕಬ್ಬಿಣದ ಚೂರು ಗುಡಿಸುವುದು. ಆಗ ಅವರಿಗೆ ಹಿಂದಿಯೂ ಬರುತ್ತಿರಲಿಲ್ಲ, ಮರಾಠಿಯೂ ಬರುತ್ತಿರಲಿಲ್ಲ.

"ಗುಡಸ್ತಾ ಗುಡಸ್ತಾ ನೋಡತಿದ್ದೆ. ಚಲೋ ಕೈ ಇದ್ದವರ ಮಶೀನಿನಿಂದ ಚೂರು ಉದ್ದಕ, ಸುರುಳಿಯಾಗಿ ಬೀಳತಿತ್ತು. ಕೈ ಸುಮಾರಿದ್ದವರದು ಪುಡಿಪುಡಿ. ಕಸ ನೋಡೇ ಕೆಲಸ ಕಲಿತೆ ಅನ್ರಿ" ಎಂದು ನಗುತ್ತಾರೆ. ನಕ್ಷೆ ಓದಲು ಕಲಿತು, ಲೇಥ್ ನಡೆಸುವ ಟರ್ನರ್ ಹುದ್ದೆಯ ಪರೀಕ್ಷೆಗೆ ಕೂತರು. ಮೊದಲ ಸಲ ಫೇಲು. ಎರಡನೆಯ ಸಲ ಪಾಸಾಗಿ, ೨೦೧೮ರಲ್ಲಿ ನಿವೃತ್ತರಾಗುವವರೆಗೆ ಲೇಥಿನ ಮುಂದೆಯೇ ನಿಂತರು.

ಮನೆಯಲ್ಲಿ ಮೂರು ತಿಂಗಳು ಸುಮ್ಮನೆ ಕೂತದ್ದೇ ಹೆಚ್ಚು. "ಅವ್ವ ಅಡಿಗಿಮನಿ ಡಬ್ಬಿಗಳ ಮುಚ್ಚಳಾನೂ ಅಳೀಲಿಕ್ಕೆ ಹತ್ತಿದ್ಲು. ನಾನೇ ಹೇಳಿದೆ, ಒಂದು ಹಳೇ ಲೇಥ್ ತಗೋಳೋಣ ಅಂತ" ಎನ್ನುತ್ತಾಳೆ ಈಗ ಶಾಲಾ ಶಿಕ್ಷಕಿಯಾಗಿರುವ ರಚನಾ. ಮನೆ ಕೊಳ್ಳುವಾಗಲೇ ಇದ್ದ ಕಾರ್ ಶೆಡ್ಡು ಅಷ್ಟು ದಿನ ಹಳೆಯ ಸಾಮಾನು ತುಂಬಿಕೊಂಡು ಬಿದ್ದಿತ್ತು. ಅದನ್ನು ಖಾಲಿ ಮಾಡಿ ಮಶೀನು ಇಳಿಸಿದರು.

ಅಲ್ಲಿಗೆ ಮೊದಲು ಬಂದವನು ಅದೇ ಬಡಾವಣೆಯ ಬ್ಯಾಂಕ್ ಅಧಿಕಾರಿ ಅಭಿಜಿತ್. ಅವನ ೧೯೬೨ರ ಫಿಯೆಟ್ಟಿನ ಮುಂಗಾಲಿ ಅಲ್ಲಾಡುತ್ತಿತ್ತು. ಗಾಲಿ ಎಡಕ್ಕೆ ಬಲಕ್ಕೆ ಹೊರಳಲು ಆಧಾರವಾದ ಕಿಂಗ್‌ಪಿನ್ನಿನ ಬುಶ್ ಸವೆದಿತ್ತು. ಚಂದ್ರಮ್ಮ ಕಂಚಿನಲ್ಲಿ ಹೊಸದು ಮಾಡಿ, ಕೂಡಿಸಿದರು. ಗಾಲಿ ಹೊರಳಲೇ ಇಲ್ಲ! ಮರುದಿನವೇ ಹಳೆಯ ಕಾರುಗಳ ಮೆರವಣಿಗೆ. ಆರು ತಿಂಗಳಿಂದ ಅದಕ್ಕಾಗಿ ಕಾದಿದ್ದವನು ಅಂಗಲಾಚಿದ.

"ಕಾಕು, ಸ್ವಲ್ಪ ಗ್ರೀಸ್ ಹಚ್ಚಿ ಕೊಡಿ. ಹಳೂಹಳೂ ಹೊಡಕೊಂಡು ಹೋಗ್ತೀನಿ."

"ಜನದ ನಡುವ ಹೊಡೀತಿ. ತಿರುವಿದಾಗ ಗಾಲಿ ತಿರುಗಲಿಲ್ಲಂದ್ರ? ನಾ ಬಿಡಂಗಿಲ್ಲ."

ಮಾತು ಬೆಳೆಯಿತು. ಚಂದ್ರಮ್ಮ ಗಾಲಿಯನ್ನೇ ಬಿಚ್ಚಿ, ಉರುಳಿಸಿಕೊಂಡು ಹೋಗಿ, ಮನೆಯೊಳಗೆ ಇಟ್ಟು ಚಿಲಕ ಹಾಕಿದರು. ಅಭಿಜಿತ್ ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋದ. ಮೆರವಣಿಗೆ ಅವನಿಲ್ಲದೆ ಸಾಗಿತು.

ತಪ್ಪು ತನ್ನದೇ ಎಂದು ಚಂದ್ರಮ್ಮನಿಗೆ ಗೊತ್ತಿತ್ತು. ಫ್ಯಾಕ್ಟರಿಯಲ್ಲಿ ಅವರು ಬಿಡಿಭಾಗ ಮಾಡಿ ಕೊಡುತ್ತಿದ್ದರೇ ಹೊರತು ಜೋಡಿಸುವವರು ಬೇರೆ. ಒತ್ತಿ ಕೂಡಿಸಿದಾಗ ಬುಶ್ಶಿನ ತೂತು ಕೂದಲೆಳೆಯಷ್ಟು ಕಿರಿದಾಗುತ್ತದೆ. ಆದ್ದರಿಂದ ತೂತನ್ನು ಮೊದಲೇ ಪೂರ್ತಿ ಕೊರೆಯಬಾರದು, ಕೂಡಿಸಿದ ಮೇಲೆ ತೂತನ್ನು ಸವರುವ ರೀಮರ್ ಆಡಿಸಿ ಅಳತೆಗೆ ತರಬೇಕು. ಇದನ್ನು ಕಂಡುಕೊಳ್ಳಲು ಹನ್ನೊಂದು ದಿನ, ಐದು ಬುಶ್ಶು ಹಾಳು. ಹನ್ನೆರಡನೆಯ ದಿನ ಅಭಿಜಿತನ ಮನೆಗೆ ತಾವೇ ನಡೆದು ಹೋದರು.

"ತಪ್ಪು ನಂದೈತಿ, ಸರಿ ಮಾಡೀನಿ. ಆದ್ರ ಈ ಸಲ ನೀನೇ ಕೂಡಸಬೇಕು. ನಿನ್ನ ಗಾಡಿ, ನಿನಗ ಗೊತ್ತಿರಬೇಕು."

ಶರ್ಟಿನ ತೋಳು ಮಡಚಿ, ಅಭಿಜಿತ್ ಮೊದಲ ಬಾರಿಗೆ ತನ್ನದೇ ಕಾರಿನ ಅಡಿಯಲ್ಲಿ ಮಲಗಿದ. ಸಂಜೆಯ ಹೊತ್ತಿಗೆ ಗಾಲಿ ಒಂದೇ ಬೆರಳಿಗೆ ಹೊರಳಿತು. ಮುಂದಿನ ಭಾನುವಾರ ಇನ್ನೊಬ್ಬ ಗೆಳೆಯನನ್ನು ಕರೆತಂದ. ಶೆಡ್ಡು ವರ್ಕ್‌ಶಾಪಾದದ್ದು ಹಾಗೆ. ಈಗ ಭಾನುವಾರ ಬೆಳಿಗ್ಗೆ ಒಂಬತ್ತು ಕಾರುಗಳ ಮಾಲೀಕರು ಸರದಿಯ ಮೇಲೆ ಬರುತ್ತಾರೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗುವಂತಿಲ್ಲ, ಉಂಗುರ ತೊಟ್ಟು ಲೇಥ್ ಮುಟ್ಟುವಂತಿಲ್ಲ, ಬಿಚ್ಚಿದವನೇ ಜೋಡಿಸಬೇಕು. ಈ ಕಾಯಿದೆಗಳಿಗೆ ವಿನಾಯಿತಿ ಇಲ್ಲ.

ಅವರಲ್ಲಿ ಒಬ್ಬಳು ಕನ್ನಡಿಗ ರೈಲ್ವೆ ನೌಕರರ ಮಗಳು, ಇಲ್ಲೇ ಬೆಳೆದ ಧನುಶ್ರೀ. ತನ್ನ ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ತಂದವಳು ಲೇಥಿಗೇ ಅಂಟಿಕೊಂಡಳು. "ಕಾಕು ಬೈತಾರೆ, ಲೇಕಿನ್ ಕೈ ಹಿಡಿದು ಕಲಿಸ್ತಾರೆ. ನೋಟ್‌ಬುಕ್ಕಿನ ಕನ್ನಡ ನಂಗೆ ಓದೋಕೆ ಬರಲ್ಲ, ಚಿತ್ರ ನೋಡಿ ಸಮಝ್ ಆಗುತ್ತೆ" ಎನ್ನುತ್ತಾಳೆ.

ಚಂದ್ರಮ್ಮನಿಗೆ ಕಾರು ಓಡಿಸಲು ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ಮತ್ತೇನು ಆಸೆ ಎಂದು ಕೇಳಿದರೆ ಕೈಯೊರೆಸಿಕೊಳ್ಳುತ್ತಾ ಹೇಳುತ್ತಾರೆ.

"ಲೇಥ್ ಚಲೋ ಕೈಗೆ ಹೋಗಬೇಕ್ರಿ, ನಾ ಇರೂತನಕನೇ. ಮೊನ್ನೆ ಐತವಾರ ಧನುಶ್ರೀ ಒಬ್ಬಾಕಿನೇ ಬುಶ್ ಕೊರೀತಿದ್ಲು. ನಾ ಅಡಿಗಿಮನ್ಯಾಗ ರೊಟ್ಟಿ ಬಡೀತಿದ್ದೆ. ಸಪ್ಪಳ ಕೇಳಿದ್ರ ನನಗ ತಿಳೀತೈತಿ, ಕೈ ಹೆಂಗ ನಡದೈತಿ ಅಂತ. ಪೂರ್ತಿ ಕೇಳಿದೆ. ಎದ್ದು ಹೋಗಿ ನೋಡಬೇಕು ಅನ್ನಸಲಿಲ್ಲ."