ಏಕಾದಶಿಯ ದಿನ ಮಾವಿನ ಆವಿ

"ಮೇಡಂ, ಈ ಪೇಸ್ಟ್ ವೆಜ್ ತಾನೇ? ಇವತ್ತು ಏಕಾದಶಿ, ಉಪವಾಸ ಇದೀನಿ."

ಸಿಂಗಪುರದ ಬೂನ್ ಲೇಯಲ್ಲಿರುವ ನನ್ನ ಡೆಂಟಲ್ ಕ್ಲಿನಿಕ್ಕಿಗೆ ಹಲ್ಲು ಕ್ಲೀನ್ ಮಾಡಿಸಲು ಬಂದಿದ್ದ ಬೆಂಗಳೂರಿನ ಸಾಫ್ಟ್‌ವೇರ್ ಮಹಾಶಯರ ಪ್ರಶ್ನೆಯಿದು. ವೆಜ್ಜೇ ಎಂದೆ. ಕುರ್ಚಿ ವಾಲಿಸುತ್ತಿದ್ದಂತೆ ಅವರ ಜೇಬಿನಿಂದ ಇ-ಸಿಗರೇಟು ಜಾರಿ ಬಿತ್ತು. ಈ ಊರಿನಲ್ಲಿ ಅದನ್ನು ಜೇಬಿನಲ್ಲಿಟ್ಟುಕೊಳ್ಳುವುದೂ ಅಪರಾಧ!

"ಸಿಗರೇಟಲ್ಲ ಮೇಡಂ, ಬರೀ ಆವಿ. ಮ್ಯಾಂಗೋ ಫ್ಲೇವರ್. ಇದೂ ವೆಜ್ಜೇ."

ಬಾಯಿ ತೆರೆದರು. ಮಾವಿನ ಘಮದ ಹಿಂದೆಯೇ ಕೊಳೆತ ವಾಸನೆ. ಆ ಸಿಹಿ ಆವಿಗೆ ಬಾಯಿ ಒಣಗಿ, ಹಲ್ಲಿನ ಬುಡದಲ್ಲೆಲ್ಲ ಬ್ಯಾಕ್ಟೀರಿಯಾ ಪದರಗಟ್ಟಿ ವಸಡು ಊದಿತ್ತು, ಮುಟ್ಟಿದರೆ ರಕ್ತ.

ಈಗಲೂ ಯಾರಾದರೂ ವೆಜ್ಜಾ ಎಂದು ಕೇಳಿದರೆ ಅವರೇ ನೆನಪಾಗುತ್ತಾರೆ. ಅಂದು ಉಪವಾಸವಿದ್ದದ್ದು ಅವರೊಬ್ಬರೇ. ಅವರ ಬಾಯೊಳಗಿನ ಬ್ಯಾಕ್ಟೀರಿಯಾಗಳು ಏಕಾದಶಿಯಂದೂ ಹೊಟ್ಟೆತುಂಬ ಉಣ್ಣುತ್ತಿದ್ದವು.